ಹೋಗಿ ಬರ್ತೀನಿ ಅಂದ ತಪ್ಪಿಗೆ

ಕೇಬಲ್ ಕೆಲಸಕ್ಕೆ ಹೊಸದಾಗಿ ಸೇರಿದವರು ಕಂಬ ಹತ್ತುವುದನ್ನು ಕೆಲವೇ ದಿನಗಳಲ್ಲಿ ಕಲಿತುಬಿಡುತ್ತಾರೆ. ಗಿರಾಕಿಯ ಮನೆಯಿಂದ ಹೊರಡುವುದು ಹೇಗೆ ಎಂಬುದನ್ನು ಕಲಿಯಲು ನನಗೆ ಇಡೀ ಸರ್ವಿಸು ಹಿಡಿಯಿತು. ಅಷ್ಟಾದರೂ ಸರಿಯಾಗಿ ಬರಲಿಲ್ಲ ಎಂಬುದನ್ನು ಮುಂದೆ ನೀವೇ ನೋಡುತ್ತೀರಿ. ನಮ್ಮ ಕನ್ನಡ ಕೂಟದ ಸಂಚಿಕೆಯವರು ಮನೆಗೆ ಬಂದು, "ನಜೀರ್ ಸಾಹೇಬ್ರೇ, ನಮ್ಮೋರೆಲ್ಲ ಕಂಪ್ಯೂಟರ್ ಮುಂದೆ ಕೂತಿರೋರೇ. ಕಂಬ ಹತ್ತಿರೋರು ನೀವೊಬ್ರೇ. ಈ ಲೈನಿಗೆ ಬರೋ ಹುಡುಗ್ರಿಗೆ ಉಪಯೋಗ ಆಗೋ ಹಾಗೆ ಏನಾದ್ರೂ ಬರೀರಿ" ಎಂದರು. ಪ್ರಮೋಷನ್ನಿನ ವಿಷಯ ಮಾತ್ರ ಬೇಡ, ಓದುವವರಿಗೆ ನಿದ್ದೆ ಬರುತ್ತದೆ ಎಂದೂ ಸೇರಿಸಿದರು. ಆ ಭಯ ಬೇಡವೆಂದೆ. ಹಳೆಯ ವ್ಯಾನಿನಿಂದ ಸ್ವಲ್ಪ ಕಡಿಮೆ ಹಳೆಯ ವ್ಯಾನಿಗೆ ಬಂದದ್ದನ್ನು ಬಿಟ್ಟರೆ ನನಗೆ ಬೇರೆ ಪ್ರಮೋಷನ್ನು ಸಿಕ್ಕಿಲ್ಲ.

ನಾನು ಈ ಕೆಲಸ ಕಲಿತದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಮನೆ ಮನೆಗೆ ಕೇಬಲ್ ಟೀವಿ ಬಂದ ಕಾಲ ಅದು. ಆಗ ಕಂಬವೂ ಇಲ್ಲ, ನಕ್ಷೆಯೂ ಇಲ್ಲ. ಈ ತಾರಸಿಯಿಂದ ಆ ತಾರಸಿಗೆ, ಅಲ್ಲಿಂದ ತೆಂಗಿನ ಮರಕ್ಕೆ, ಮರದಿಂದ ಇನ್ನೊಂದು ತಾರಸಿಗೆ ವೈರು ಎಳೆಯುತ್ತಿದ್ದೆವು. ಚಾನೆಲ್ಲು ನಿಂತರೆ ಮೊದಲು ತಾರಸಿ ಹತ್ತಿ ನಮ್ಮ ವೈರಿನ ಮೇಲೆ ಯಾರು ಸೀರೆ ಒಣಹಾಕಿದ್ದಾರೆ ಎಂದು ನೋಡಬೇಕು. ಸೀರೆ ತೆಗೆದರೆ ಕೆಳಗಿನಿಂದ ಟೀವಿ ಬಂತು ಎಂದು ಕೂಗುತ್ತಿದ್ದರು, ಪಕ್ಕದ ತಾರಸಿಯಿಂದ ನನ್ನ ಸೀರೆ ಯಾಕೆ ಮುಟ್ಟಿದೆ ಎಂದು ಬೈಯುತ್ತಿದ್ದರು. ಸಾರ್ವಜನಿಕರಿಗೆ ಉತ್ತರ ಕೊಡುವ ವಿದ್ಯೆಯ ಮೊದಲ ಪಾಠ ನನಗೆ ಅಲ್ಲೇ ಆಯಿತು.

ಮುಂದೆ ನನ್ನ ಹೆಂಡತಿ ಫರ್ಜಾನಾಗೆ ಇಲ್ಲಿ ಅಮೆರಿಕಾದಲ್ಲಿ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ ಸಿಕ್ಕಿತು. ಅವಳ ಹಿಂದೆ ನಾನು ಬಂದೆ, ನನ್ನ ಹಿಂದೆ ನನ್ನ ಟೂಲ್ ಬ್ಯಾಗು ಬಂತು. ನಾವು ನೆಲೆಸಿದ್ದು ಯೂನಿಯನ್ ಸಿಟಿಯ ಆಚೆಗಿರುವ ಒಂದು ಚಿಕ್ಕ ಊರಿನಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ಊರಿನವರು ಅದಕ್ಕೂ ಒಂದು ಮೀಟಿಂಗು ಕರೆಯುತ್ತಾರೆ.

ಆ ಊರಿಗೆ ಅದರದೇ ಕೇಬಲ್ಲು, ಅದರದೇ ಇಂಟರ್ನೆಟ್ಟು ಇತ್ತು. ಹಿಂದೊಮ್ಮೆ ದೊಡ್ಡ ಕಂಪನಿಯೊಂದು ಫೋನಿನಲ್ಲಿ ಸಂಗೀತ ಕೇಳಿಸುತ್ತಾ ಕಾಯಿಸಿ ಕಾಯಿಸಿ ಊರಿನವರನ್ನು ಸಿಟ್ಟಿಗೆಬ್ಬಿಸಿತ್ತಂತೆ. ಅವರೆಲ್ಲ ಸೇರಿ, ನಮ್ಮ ವೈರು ನಾವೇ ಎಳೆದುಕೊಳ್ಳುತ್ತೇವೆ ಎಂದು ಎಳೆದುಕೊಂಡರು. ನಾನು ಅಲ್ಲಿ ಕೆಲಸಕ್ಕೆ ಸೇರುವ ಹೊತ್ತಿಗೆ ಆ ಉತ್ಸಾಹವೂ ವೈರೂ ಒಟ್ಟಿಗೇ ಹಳೆಯದಾಗಿದ್ದವು. ಗಾಳಿ ಬೀಸಿದರೆ ಟೀವಿ ಹೋಗುತ್ತಿತ್ತು, ಬೀಸದಿದ್ದರೆ ಇಂಟರ್ನೆಟ್ಟು ಹೋಗುತ್ತಿತ್ತು. ಹೊಸ ತಲೆಮಾರಿನವರು ಒಬ್ಬೊಬ್ಬರಾಗಿ ದೊಡ್ಡ ಕಂಪನಿಗೆ ಹೋಗುತ್ತಿದ್ದರು. ಉಳಿದವರು ಉಳಿದದ್ದು ಪ್ರೀತಿಯಿಂದಲೋ ಸೋಮಾರಿತನದಿಂದಲೋ ಎಂದು ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ಹುಡುಗರೇ, ಖಾಸಗಿ ಕಂಪನಿಯಲ್ಲಿ ನಿಮಗೆ ಒಬ್ಬ ಯಜಮಾನ ಇರುತ್ತಾನೆ. ಊರಿನ ಕೇಬಲ್ಲಿನಲ್ಲಿ ಊರಿಗೆ ಊರೇ ಯಜಮಾನ. ಗ್ರೋಸರಿ ಅಂಗಡಿಯಲ್ಲಿ ಟೊಮ್ಯಾಟೊ ಆರಿಸುತ್ತಿದ್ದರೆ ಒಬ್ಬ ಯಜಮಾನ ಬಂದು ಬೈಯುತ್ತಾನೆ. ಮಸೀದಿಯಿಂದ ಹೊರಗೆ ಬಂದರೆ ಪಾರ್ಕಿಂಗಿನಲ್ಲಿ ಇನ್ನೊಬ್ಬ ಯಜಮಾನ ಕಾಯುತ್ತಿರುತ್ತಾನೆ. ಒಮ್ಮೆ ಹಲ್ಲು ತೋರಿಸಲು ಹೋದೆ. ಡೆಂಟಿಸ್ಟು ನನ್ನ ಬಾಯಿ ಅಗಲಿಸಿ, ಕೈಯಲ್ಲಿ ಡ್ರಿಲ್ಲು ಹಿಡಿದು, ಭಾನುವಾರದ ಮ್ಯಾಚು ಕೊನೆಯ ಗಳಿಗೆಯಲ್ಲಿ ಯಾಕೆ ನಿಂತುಹೋಯಿತು ಎಂದು ಕೇಳಿದ. ಜೀವನದಲ್ಲಿ ಅಷ್ಟು ಪ್ರಾಮಾಣಿಕವಾಗಿ "ಆ ಆ ಆ" ಎಂದು ನಾನು ಇನ್ನೆಲ್ಲೂ ಉತ್ತರ ಕೊಟ್ಟಿಲ್ಲ.

ನಮ್ಮ ಮ್ಯಾನೇಜರು ಗ್ಲೋರಿಯಾ ಎಂಬ ಗಟ್ಟಿ ಹೆಂಗಸು. ಆಕೆ ಬಂದದ್ದು ಊರಿನ ನೀರಿನ ಇಲಾಖೆಯಿಂದ. ಪೈಪಿನಲ್ಲಿ ನೀರು ಹರಿಸಿದವರು ವೈರಿನಲ್ಲಿ ಇಂಟರ್ನೆಟ್ಟು ಹರಿಸಲಾರರೇ ಎಂದು ಕೌನ್ಸಿಲ್ಲಿನವರು ಯೋಚಿಸಿರಬೇಕು. ಆಕೆಯನ್ನು ನೀರಿನ ಭಾಷೆ ಕೊನೆಯವರೆಗೂ ಬಿಡಲಿಲ್ಲ. ಇಂಟರ್ನೆಟ್ಟು ನಿಧಾನವಾದರೆ "ಪ್ರೆಶರ್ ಕಡಿಮೆ ಇದೆ" ಎನ್ನುವಳು. ಟೀವಿ ನಿಂತರೆ "ಎಲ್ಲಿ ಸೋರ್ತಿದೆ?" ಎನ್ನುವಳು. ನಾವು ಮುಸಿಮುಸಿ ನಗುತ್ತಿದ್ದೆವು. ಆದರೆ ಆಕೆ ಕೇಳಿದ ಕಡೆ ಹೋಗಿ ನೋಡಿದರೆ ವೈರಿನ ಜಾಯಿಂಟಿನಲ್ಲಿ ನಿಜವಾಗಿಯೂ ನೀರು ನಿಂತಿರುತ್ತಿತ್ತು.

ಮೊದಲು ನನ್ನನ್ನು ಕೂರಿಸಿದ್ದು ಫೋನಿನ ಮುಂದೆ. ಮಾತು ಮುಗಿದ ಮೇಲೆ ನಾವು "ಇಡ್ಲಾ?" ಅಂತೀವಲ್ಲ, ಅದನ್ನೇ ನಾನು ವಿನಯದಿಂದ "ಶಲ್ ಐ ಕೀಪ್?" ಎಂದು ಕೇಳುತ್ತಿದ್ದೆ. ಆ ಕಡೆಯವರು ಏನನ್ನು ಇಟ್ಟುಕೊಳ್ಳುತ್ತೀಯ ಎಂದು ಗಾಬರಿಯಾಗುತ್ತಿದ್ದರು. ಒಬ್ಬರಂತೂ "ಇಟ್ಕೋಬೇಡಿ, ನನ್ನದು ನನಗೆ ವಾಪಸ್ ಕೊಡಿ" ಎಂದು ಜೋರು ಮಾಡಿದರು. ಗ್ಲೋರಿಯಾ ನನ್ನನ್ನು ಫೋನಿನಿಂದ ಎಬ್ಬಿಸಿ ವ್ಯಾನಿಗೆ ಹತ್ತಿಸಿದಳು. ಮಾತಾಡುವುದಕ್ಕಿಂತ ಕಂಬ ಹತ್ತುವುದರಲ್ಲಿ ನನ್ನಿಂದ ಅಪಾಯ ಕಡಿಮೆ ಎಂದು ಆಕೆಗೆ ಅನ್ನಿಸಿತ್ತು.

ಜನರಿಗೆ ಲೆಕ್ಕ ಒಪ್ಪಿಸಬೇಕು, ಎಲ್ಲ ಪಾರದರ್ಶಕವಾಗಿರಬೇಕು ಎಂಬ ಗಾಳಿ ಬೀಸಿದಾಗ ಸಿಟಿ ಹಾಲಿನ ಬಾಗಿಲಲ್ಲೇ ಒಂದು ದೊಡ್ಡ ಪರದೆ ಹಾಕಿದರು. (ಸಿಟಿ ಹಾಲು ಎಂದರೆ ಹಾಲಲ್ಲ, ಊರಿನ ಆಡಳಿತದ ಕಚೇರಿ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ, ನಾನು ಸಿಟಿ ಹಾಲಿಗೆ ಹೊರಟಾಗೆಲ್ಲ "ಪಾತ್ರೆ ತಗೊಂಡು ಹೋಗಪ್ಪಾ" ಎನ್ನುತ್ತಿದ್ದರು.) ಯಾವ ಬೀದಿಯಲ್ಲಿ ಸರ್ವಿಸು ಸರಿ ಇದೆಯೋ ಅಲ್ಲಿ ಹಸಿರು ದೀಪ, ಇಲ್ಲದ ಕಡೆ ಕೆಂಪು. ಉದ್ಘಾಟನೆ ಜೋರಾಗಿ ನಡೆಯಿತು. ಆಮೇಲೆ ನೋಡಿದರೆ ಪರದೆ ಸದಾ ಹಸಿರು. ಊರಿನ ಅರ್ಧಕ್ಕೆ ಟೀವಿ ಇಲ್ಲದ ದಿನವೂ ಹಸಿರು. ಕೌನ್ಸಿಲ್ಲಿನವರು ನಮ್ಮನ್ನು ಹೊಗಳಿದ್ದೇ ಹೊಗಳಿದ್ದು.

ಗುಟ್ಟು ಬಿಚ್ಚಿದವರು ವಾಲ್ಟರ್ ಎಂಬ ಹಿರಿಯರು. ಜೀವನವಿಡೀ ಬಸ್ಸು ಓಡಿಸಿ ರಿಟೈರ್ ಆದವರು. ಊರಿನ ಪ್ರತಿ ಮೀಟಿಂಗಿಗೂ ಸ್ವಂತ ಮೆತ್ತೆ ತಂದು ಮುಂದಿನ ಸಾಲಿನಲ್ಲಿ ಕೂರುವರು. ಸಾರ್ವಜನಿಕರ ಮಾತಿಗೆ ಮೂರು ನಿಮಿಷ. ಮೈಕಿನ ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ದೀಪ ಇರುತ್ತದೆ. ಬೇರೆಯವರು ಕೆಂಪು ದೀಪ ಬಂದರೂ ನಿಲ್ಲಿಸುವುದಿಲ್ಲ. ಇವರು ಹಳದಿಗೇ ಬ್ರೇಕು ಹಾಕುವರು. ಕೊನೆಯಲ್ಲಿ ತಪ್ಪದೆ ಒಂದು ಮಾತು: "ನನಗೆ ಸಿಟ್ಟಿಲ್ಲ. ನಾನು ಯಜಮಾನ, ಅಷ್ಟೇ." ಅವತ್ತು ಎದ್ದು ನಿಂತು ಕೇಳಿದರು: "ಆ ಪರದೆ ಯಾವ ಇಂಟರ್ನೆಟ್ಟಿನಿಂದ ನಡೀತಿದೆ?"

ನಮ್ಮದರಿಂದಲೇ ನಡೆಯುತ್ತಿತ್ತು. ನಮ್ಮ ಲೈನು ಹೋದ ತಕ್ಷಣ ಪರದೆಯೂ ಇದ್ದಲ್ಲೇ ನಿಂತುಬಿಡುತ್ತಿತ್ತು, ಕೊನೆಯದಾಗಿ ಕಂಡ ಹಸಿರಿನಲ್ಲಿ. ಸಭೆಯಲ್ಲಿ ನಕ್ಕವರು ಕುರ್ಚಿ ಹಿಡಿದುಕೊಂಡರು. ಗ್ಲೋರಿಯಾ ಪರದೆಯನ್ನು ಆರಿಸಿ, ಅದರ ಮುಂದೆ ಒಂದು ವೈಟ್ ಬೋರ್ಡು ನಿಲ್ಲಿಸಿ, ದಿನಾ ಬೆಳಿಗ್ಗೆ ತಾನೇ ಮಾರ್ಕರು ಹಿಡಿದು ಎಲ್ಲೆಲ್ಲಿ ಕೆಟ್ಟಿದೆ ಎಂದು ಬರೆಯತೊಡಗಿದಳು. ನನ್ನ ಸರ್ವಿಸಿನಲ್ಲಿ ತಾಮ್ರದ ವೈರು ಹೋಗಿ ಗಾಜಿನ ಫೈಬರ್ ವೈರು ಬಂತು, ರೇಡಿಯೊ ಹೋಗಿ ಟ್ಯಾಬ್ಲೆಟ್ಟು ಬಂತು. ಆದರೆ ಕೆಲಸ ಮಾಡಿದ ಹೊಸ ಪದ್ಧತಿ ಆ ವೈಟ್ ಬೋರ್ಡು ಒಂದೇ.

ಇಷ್ಟು ಹೇಳಿ ಈಗ ನನ್ನ ಸ್ವಂತ ಕೇಸಿಗೆ ಬರುತ್ತೇನೆ.

ವಾಲ್ಟರ್ ಮನೆಯಲ್ಲಿ ಟೀವಿ ಕೆಟ್ಟಿತ್ತು. ನಾನು ಯಾರ ಮನೆಗೆ ಹೋದರೂ ಬಾಗಿಲಲ್ಲಿ ಶೂ ಬಿಟ್ಟೇ ಒಳಗೆ ಕಾಲಿಡುವವನು. ಸೇಫ್ಟಿ ನಿಯಮ ಶೂ ಬಿಚ್ಚಬಾರದು ಎನ್ನುತ್ತದೆ. ಈ ವಿಷಯದಲ್ಲಿ ಗ್ಲೋರಿಯಾಗೂ ನನಗೂ ದೊಡ್ಡ ಜಗಳವೇ ಆಗಿ, ಕಂಬದ ಮೇಲೆ ಶೂ, ಮನೆಯೊಳಗೆ ಸಾಕ್ಸು ಎಂದು ರಾಜಿಯಾಗಿತ್ತು. ವಾಲ್ಟರ್ ನನ್ನ ಸಾಕ್ಸು ನೋಡಿ, "ಶೂ ಹಾಕ್ಕೊಳ್ಳಿ. ನನ್ನ ನೆಲಕ್ಕಿಂತ ನಿಮ್ಮ ಶೂನೇ ಸ್ವಚ್ಛವಾಗಿದೆ" ಎಂದರು. ನಾನು ಹಾಕಲಿಲ್ಲ. ಕೆಲಸ ಮುಗಿಸಿದೆ, ಟೀವಿ ಬಂತು. ಹೊರಡುವಾಗ ದೊಡ್ಡವರ ಮನೆಯಿಂದ ಹೇಗೆ ಹೊರಡಬೇಕೋ ಹಾಗೆಯೇ ಮರ್ಯಾದೆಯಿಂದ ಹೇಳಿದೆ: "ಓಕೆ ಸರ್, ಐ ವಿಲ್ ಗೋ ಅಂಡ್ ಕಮ್."

ನಮ್ಮಲ್ಲಿ ಯಾರಾದರೂ 'ಹೋಗ್ತೀನಿ' ಅಂತಾರೆಯೇ? ಹೋಗ್ತೀನಿ ಅಂದರೆ ಅಮ್ಮ ಬಾಯಿಗೆ ಹೊಡೆದು, "ಹೋಗಿ ಬರ್ತೀನಿ ಅನ್ನು" ಎನ್ನುತ್ತಿದ್ದರು. ಮನೆಯ ಉರ್ದುವಿನಲ್ಲೂ ಅದನ್ನೇ ಹೇಳುತ್ತೇವೆ, ಬೀದಿಯ ಕನ್ನಡದಲ್ಲೂ ಅದನ್ನೇ. ಅದು ಬರುತ್ತೇನೆಂಬ ಮಾತಲ್ಲ, ಹೊರಡುತ್ತೇನೆಂಬ ಮಾತು. ಇದನ್ನು ಅಮೆರಿಕಾದ ಬಸ್ ಡ್ರೈವರಿಗೆ ಯಾರು ಹೇಳಬೇಕು? ಬರ್ತೀನಿ ಅಂದ ಮೇಲೆ ಹೇಳಿದ ಹೊತ್ತಿಗೆ ಬರಬೇಕು ಎಂದು ಜೀವಮಾನವೆಲ್ಲ ನಂಬಿದ ಮನುಷ್ಯ. ಪಾಪ, ಎರಡು ಕಪ್ ಕಾಫಿ ಮಾಡಿಟ್ಟುಕೊಂಡು ಮಧ್ಯಾಹ್ನವೆಲ್ಲ ಬಾಗಿಲಲ್ಲಿ ಕಾದರಂತೆ. ಕಟಿಂಗ್ ಮಾಡಿಸಲು ಹೋಗಬೇಕಿತ್ತು, ಅದನ್ನೂ ಬಿಟ್ಟರಂತೆ.

ಮುಂದಿನ ಮೀಟಿಂಗಿನಲ್ಲಿ ಕತ್ತರಿಸದ ಕೂದಲನ್ನೇ ಸಾಕ್ಷಿಯಾಗಿ ತೋರಿಸಿ ಹೇಳಿದರು: "ಟೆಕ್ನಿಷಿಯನ್ನು ಹೋಗಿ ಬರ್ತೀನಿ ಅಂದ. ಬರಲಿಲ್ಲ." ಹಿಂದಿನ ಸಾಲಿನಿಂದ ಒಂದು ಕೈ ಎದ್ದಿತು. "ನನಗೂ ಹಾಗೇ ಅಂದ." ಇನ್ನೊಂದು ಕೈ. ಆಮೇಲೆ ಕೈಗಳ ಸಾಲೇ ಎದ್ದಿತು. ಲಿಂಡಾ ಎಂಬಾಕೆ ನಾನು ಮತ್ತೆ ಬಂದಾಗ ತೊಂದರೆಯಾಗದಿರಲಿ ಎಂದು ನಾಯಿಯನ್ನು ಸಂಜೆಯವರೆಗೆ ಬಾತ್‌ರೂಮಿನಲ್ಲಿ ಕೂಡಿಹಾಕಿದ್ದಳಂತೆ. ನಾಯಿ ಆಮೇಲೆ ಆಕೆಯ ಜೊತೆ ಮಾತು ಬಿಟ್ಟಿತ್ತಂತೆ. ಒಬ್ಬರು ನನಗಾಗಿ ಗರಾಜು ತೆರೆದಿಟ್ಟಿದ್ದರಂತೆ, ಒಳಗೆ ಸೇರಿಕೊಂಡ ರಕೂನ್ ಎಂಬ ಕಾಡುಪ್ರಾಣಿಯನ್ನು ಹೊರಗೆ ಕಳಿಸಲು ಅವರಿಗೆ ಇನ್ನೂ ಆಗಿರಲಿಲ್ಲ. ಇಷ್ಟು ವರ್ಷ ನಾನು ಇಡೀ ಊರಿಗೆ ಬರ್ತೀನಿ ಬರ್ತೀನಿ ಎನ್ನುತ್ತಾ ಓಡಾಡಿದ್ದೆ, ಇಡೀ ಊರು ನನ್ನ ದಾರಿ ಕಾದಿತ್ತು.

ನಗಬೇಡಿ. ನಗುವ ಸಮಯವಾಗಿರಲಿಲ್ಲ ಅದು. ದೊಡ್ಡ ಕಂಪನಿಯೊಂದು ನಮ್ಮ ಕೇಬಲ್ಲನ್ನು ಕೊಳ್ಳಲು ಮುಂದೆ ಬಂದಿತ್ತು. ಮಾರಬೇಕೋ ಉಳಿಸಿಕೊಳ್ಳಬೇಕೋ ಎಂದು ಕೌನ್ಸಿಲ್ಲು ಕೆಲವೇ ತಿಂಗಳಲ್ಲಿ ಕೈ ಎತ್ತಿ ತೀರ್ಮಾನಿಸಬೇಕಿತ್ತು. ಮಾರಿದರೆ ಗ್ಲೋರಿಯಾ, ನಾನು, ನಮ್ಮವರೆಲ್ಲ ಮನೆಗೆ. ಊರಿನವರು ಮತ್ತೆ ಫೋನಿನ ಸಂಗೀತಕ್ಕೆ. ಮಾರಬೇಕು ಎನ್ನುವವರಿಗೆ ಒಂದು ನೆಪ ಬೇಕಿತ್ತು. ಮಾತು ಕೊಟ್ಟು ತಪ್ಪುವ ಸರ್ವಿಸು ಎಂಬ ನೆಪವನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ. ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಎರಡು ಮಾತಿನ ಮರ್ಯಾದೆಯಿಂದ ಊರಿನ ಕೇಬಲ್ಲು ಮುಳುಗಿದರೆ ಮಂಡಿ ಮೊಹಲ್ಲಾದಲ್ಲಿ ಯಾವ ಮುಖ ಹೊತ್ತು ತಿರುಗಲಿ?

ನಾಗರಿಕರ ಸಮಿತಿಯೊಂದು ನನ್ನನ್ನು ವಿಚಾರಣೆಗೆ ಕರೆಯಿತು. ನಮ್ಮದೇ ಚಾನೆಲ್ಲಿನಲ್ಲಿ ನೇರ ಪ್ರಸಾರ. ಸಮಿತಿಯಲ್ಲಿ ವತ್ಸಲಾ ಮೇಡಂ ಇದ್ದಾರೆ ಎಂದು ತಿಳಿದು ಸ್ವಲ್ಪ ಜೀವ ಬಂತು. ಅವರು ಬೆಂಗಳೂರಿನ ಜಯನಗರದವರು, ರಿಟೈರಾದ ಮಕ್ಕಳ ಡಾಕ್ಟರು. ನಮ್ಮ ಮಗಳು ಆಯೆಷಾಳಿಗೆ ಚಿಕ್ಕಂದಿನಲ್ಲಿ ಸೂಜಿ ಚುಚ್ಚಿದವರು. ಅಧ್ಯಕ್ಷರು ಗಂಭೀರವಾಗಿ ಕೇಳಿದರು: "ಮತ್ತೆ ಬರುವ ಉದ್ದೇಶ ಇಲ್ಲದೆ ಬರ್ತೀನಿ ಅಂತ ಯಾಕೆ ಹೇಳಿದ್ರಿ?"

ನನಗೂ ರೇಗಿತು. "ಸರ್, ಈ ಊರಿನಲ್ಲಿ ಎಲ್ಲರೂ ನನಗೆ 'ಸೀ ಯೂ ಲೇಟರ್' ಅಂತಾರೆ. ಇಷ್ಟು ವರ್ಷದಲ್ಲಿ ಯಾರೂ ಆಮೇಲೆ ನನ್ನನ್ನ ನೋಡೋಕೆ ಬಂದಿಲ್ಲ. ನಾನು ಯಾರ ಮೇಲಾದ್ರೂ ಕಂಪ್ಲೇಂಟ್ ಕೊಟ್ಟಿದ್ದೀನಾ?" ಸಭೆ ಗೊಳ್ಳೆಂದಿತು. ವಾಲ್ಟರ್ ಮಾತ್ರ ನಗಲಿಲ್ಲ. ಅವರು ಮೆತ್ತೆಯ ಮೇಲೆ ಕೂತು ಆ ಮಾತನ್ನು ತೂಗಿ ನೋಡುತ್ತಿದ್ದಂತಿತ್ತು.

ವತ್ಸಲಾ ಮೇಡಂ ಮೈಕು ಎಳೆದುಕೊಂಡು, ಇದು ನಮ್ಮ ಕಡೆಯ ಮಾತಿನ ರೀತಿ ಎಂದು ಎಲ್ಲರಿಗೂ ಬಿಡಿಸಿ ಹೇಳಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಡಾಕ್ಟರಲ್ಲವೇ, ಪರೀಕ್ಷೆ ಮಾಡಿಯೇ ತೋರಿಸಬೇಕು ಅನ್ನಿಸಿತು. "ನಜೀರ್ ಅವರೇ, ಎಲ್ಲಿ, ಕನ್ನಡದಲ್ಲಿ 'ನಾನು ಹೋಗ್ತೀನಿ' ಅನ್ನಿ ನೋಡೋಣ" ಎಂದರು.

"ಬೇಡ ಮೇಡಂ."

"ಬರೀ ಡೆಮೋ ರೀ. ಅನ್ನಿ ಪರವಾಗಿಲ್ಲ."

"ನಾನು ಹೋ..." ಎಂದೆ. ಮುಂದೆ ಬರಲಿಲ್ಲ. ಮನೆಯಲ್ಲಿ ಫರ್ಜಾನಾ ಟೀವಿ ನೋಡುತ್ತಾ ಕೂತಿದ್ದಾಳೆ. "ಮೇಡಂ, ನೀವೇ ಅನ್ನಿ."

"ನಾನಾ? ನಾನು ಹೋ..." ಎಂದು ಅವರೂ ನಿಂತರು. "ಛೆ ಛೆ, ಇವತ್ತು ಶುಕ್ರವಾರ ಬೇರೆ. ಆಗಲ್ಲಪ್ಪ."

ಅಧ್ಯಕ್ಷರು ನಮ್ಮಿಬ್ಬರನ್ನೂ ಪಿಳಿಪಿಳಿ ನೋಡಿದರು. ಸರಿಯಾಗಿ ಆ ಹೊತ್ತಿಗೆ ನಮ್ಮ ಲೈನು ಕೈಕೊಟ್ಟು ಪ್ರಸಾರ ನಿಂತಿತಂತೆ. ಫರ್ಜಾನಾ ಫೋನು ಮಾಡಿದಳು: "ಏನ್ರೀ ಆಯ್ತು? ನೀವು ಬಾಯಿ ತೆರೆದಿದ್ದು ಹಾಗೇ ನಿಂತ್ಬಿಟ್ಟಿದೆ. ನಮ್ಮಮ್ಮ ಟೀವಿ ಮುಂದೆ ದುವಾ ಮಾಡ್ತಾ ಕೂತಿದ್ದಾರೆ."

ಕೊನೆಗೆ ತೀರ್ಪು ಬಂತು. ಇನ್ನು ಮುಂದೆ ಟೆಕ್ನಿಷಿಯನ್ನು ಹೊರಡುವಾಗ ಗೊಂದಲವಿಲ್ಲದ ಇಂಗ್ಲಿಷಿನಲ್ಲಿ ಹೇಳತಕ್ಕದ್ದು: ಕೆಲಸ ಮುಗಿದಿದೆ, ನಾನು ಹೊರಡುತ್ತಿದ್ದೇನೆ, ಮತ್ತೆ ಬರುವುದಿಲ್ಲ. ಊರಿನ ವಕೀಲರು ತಿದ್ದಿ ಕೊಟ್ಟ ವಾಕ್ಯ ಅದು. ಆಯೆಷಾ ಎಮರಿವಿಲ್‌ನಲ್ಲಿ ಕಾರ್ಟೂನ್ ಸಿನಿಮಾ ಮಾಡುವ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅದನ್ನು ಕೇಳಿ, "ಅಬ್ಬಾ, ಯು ಸೌಂಡ್ ಲೈಕ್ ದ ವಿಲನ್" ಎಂದಳು.

ನಿಯಮ ಎಂದರೆ ನಿಯಮ. ಮೊದಲು ಲಿಂಡಾ ಮನೆಯಲ್ಲಿ ಹೇಳಿದೆ. ಮೋಡೆಮ್ಮು ಬದಲಿಸಿ, ಟೂಲ್ ಬ್ಯಾಗು ಹೆಗಲಿಗೇರಿಸಿ, ಆಕೆಯ ಕಣ್ಣು ತಪ್ಪಿಸುತ್ತಾ, "ಮೇಡಂ, ನಾನು ಹೊರಡುತ್ತಿದ್ದೇನೆ. ಮತ್ತೆ ಬರುವುದಿಲ್ಲ" ಎಂದೆ. ಆಕೆಯ ಮುಖ ಬಿಳಿಚಿಕೊಂಡಿತು. ನಾನು ವ್ಯಾನು ಹತ್ತುವಷ್ಟರಲ್ಲಿ ಆಫೀಸಿಗೆ ಫೋನು ಹೋಗಿತ್ತು: ನಾಯಿ ಏನಾದರೂ ಅಂದಿತೇ ಆತನಿಗೆ? ಮರುದಿನ ನಾಯಿಯ ಹೆಸರಿನಲ್ಲಿ ಕ್ಷಮೆ ಕೇಳಿ ಬಿಸ್ಕತ್ತಿನ ಡಬ್ಬ ಬಂತು. ಇನ್ನೊಬ್ಬ ಅಜ್ಜ ನನಗೆ ದೊಡ್ಡ ಕಾಯಿಲೆ ಎಂದು ತಿಳಿದು, ಹೆಗಲು ತಟ್ಟಿ, ತಮ್ಮ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸುವುದಾಗಿ ಹೇಳಿದರು. ಬೇಡ ಎನ್ನುವ ಮನಸ್ಸಾಗಲಿಲ್ಲ.

ಮನೆಯಲ್ಲಿ ನಿಜವಾದ ಮಂಗಳಾರತಿ. "ಮತ್ತೆ ಬರಲ್ಲ, ಮತ್ತೆ ಬರಲ್ಲ ಅಂತ ಊರೆಲ್ಲ ಹೇಳ್ಕೊಂಡು ಓಡಾಡ್ತೀರಾ? ಕಂಬ ಹತ್ತೋ ಮನುಷ್ಯ ಆಡೋ ಮಾತಾ ಅದು? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಸಮಿತಿ ಬರುತ್ತಾ?" ಅವಳು ಹೇಳಿದ್ದು ನನ್ನ ಎದೆಯಲ್ಲೂ ಇತ್ತು. ಹೀಗಾಗಿ ನಾನೊಂದು ಉಪಾಯ ಮಾಡಿದೆ. ಗಿರಾಕಿಯ ಎದುರು ವಕೀಲರ ವಾಕ್ಯ ಹೇಳುವುದು, ಬಾಗಿಲು ಮುಚ್ಚಿದ ಮೇಲೆ ಬಾಗಿಲಿಗೆ ಮೆಲ್ಲಗೆ "ಹೋಗಿ ಬರ್ತೀನಿ" ಎಂದು ಹೇಳಿ ದೋಷ ಕಳೆದುಕೊಳ್ಳುವುದು. ಎರಡೂ ಕಡೆಗೆ ನ್ಯಾಯ.

ಆ ಕಾಲಕ್ಕೆ ಪ್ರತಿ ಬಾಗಿಲಿನ ಗಂಟೆಗೂ ಕ್ಯಾಮೆರಾ ಬಂದಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ. ಅವುಗಳನ್ನು ಇಂಟರ್ನೆಟ್ಟಿಗೆ ಜೋಡಿಸಿ ಕೊಟ್ಟವನೂ ನಾನೇ! ಸಮಿತಿಗೆ ಹೊಸ ದೂರು ಹೋಯಿತು: ಟೆಕ್ನಿಷಿಯನ್ನು ಮತ್ತೆ ಬರುವುದಿಲ್ಲ ಎಂದು ಬೆದರಿಸಿ ಹೊರಗೆ ಹೋಗುತ್ತಾನೆ, ಆಮೇಲೆ ನಮ್ಮ ಬಾಗಿಲಿಗೆ ಏನೋ ಮಂತ್ರ ಹಾಕುತ್ತಾನೆ.

ಮತ್ತೆ ವಿಚಾರಣೆ. ಈ ಸಲ ಸಭೆಯ ದೊಡ್ಡ ಪರದೆಯ ಮೇಲೆ ವಿಡಿಯೊ. ಗಂಟೆಯ ಕ್ಯಾಮೆರಾಕ್ಕೆ ತೀರಾ ಹತ್ತಿರ ಬಂದು ಬದನೆಕಾಯಿಯಂತೆ ಉಬ್ಬಿದ ನನ್ನ ಮೂಗು. ಮೂಗಿನ ಕೆಳಗಿಂದ ಪಿಸುಮಾತು. ಅಧ್ಯಕ್ಷರು, "ಡಾಕ್ಟರ್, ಇವರು ಬಾಗಿಲಿಗೆ ಏನು ಹೇಳ್ತಿದ್ದಾರೆ?" ಎಂದು ಕೇಳಿದರು. ವತ್ಸಲಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. "ಹೋಗಿ ಬರ್ತೀನಿ ಅಂತ ಹೇಳ್ತಿದ್ದಾರೆ. ನಮ್ಮ ನಿಯಮ ಅವರಿಂದ ಆಗ್ತಾ ಇಲ್ಲ" ಎಂದರು. ಈ ಸಲ ಯಾರೂ ಗೊಳ್ಳೆನ್ನಲಿಲ್ಲ. ಇನ್ನು ಮುಗಿಯಿತು, ಮಾರಿಬಿಡುತ್ತಾರೆ ಎಂದುಕೊಂಡೆ.

ಆಗ ಗ್ಲೋರಿಯಾ ಎದ್ದಳು. "ಇದಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ? ಆತ ಬರ್ತೀನಿ ಅಂತಾನೆ, ಜನ ಕಾಯ್ತಾರೆ. ಹಾಗಾದ್ರೆ ಬರಲಿ. ನೀರಿನ ಇಲಾಖೆಯಲ್ಲಿ ಪೈಪ್ ರಿಪೇರಿ ಮಾಡಿದ ಮೇಲೆ ವಾರ ಬಿಟ್ಟು ಮತ್ತೆ ಹೋಗಿ ನೋಡ್ತಿದ್ವಿ, ಜಿನುಗ್ತಾ ಇದೆಯಾ ಅಂತ. ಇಲ್ಲಿ ಯಾಕೆ ನೋಡ್ತಿಲ್ಲ ಅಂತ ನಾನು ಸೇರಿದ ದಿನದಿಂದ ಯೋಚಿಸ್ತಿದ್ದೀನಿ."

ಹೀಗೆ ನನ್ನ ಮಾತು ಇಲಾಖೆಯ ಪದ್ಧತಿಯಾಯಿತು. ರಿಪೇರಿ ಮಾಡಿದ ಮನೆಗೆ ವಾರದ ಮೇಲೆ ಮತ್ತೆ ಹೋಗಿ ಸುಮ್ಮನೆ ಕೇಳುವುದು: ಹೇಗಿದೆ? ನಂಬಿ, ಬೇರೆ ಏನೂ ಇಲ್ಲ. ಆ ಒಂದು ಪ್ರಶ್ನೆಗೆ ಏನೇನು ಹೊರಬಂತು! ಫೋನು ಮಾಡಲು ಸಂಕೋಚಪಟ್ಟು ಅರ್ಧ ಟೀವಿಯಲ್ಲೇ ಸಂಸಾರ ಮಾಡುತ್ತಿದ್ದವರಿದ್ದರು. ರೌಟರಿಗೆ ಚಳಿಯಾಗುತ್ತದೆಂದು ಉಲ್ಲನ್ ಟೋಪಿ ಹೆಣೆದು ತೊಡಿಸಿದ್ದ ಅಜ್ಜಿಯೊಬ್ಬರು ಸಿಕ್ಕರು. ಒಬ್ಬರು ಮೀನಿನ ತೊಟ್ಟಿಯ ಹಿಂದೆ ಮೋಡೆಮ್ಮು ಅಡಗಿಸಿಟ್ಟು, ಮೀನುಗಳು ಈಜಿದಾಗೆಲ್ಲ ಇಂಟರ್ನೆಟ್ಟು ಹೋಗುತ್ತದೆಂದು ಮೀನನ್ನು ಬೈಯುತ್ತಿದ್ದರು. ವಾಲ್ಟರ್ ಮನೆಗೂ ಹೋದೆ. ಬಾಗಿಲು ತೆರೆದು ಗಡಿಯಾರ ನೋಡಿ, "ಬಂದ್ರಿ" ಎಂದರು. ಅಷ್ಟೇ ಅಂದದ್ದು. ಆದರೆ ಕಾಫಿ ಕೊಟ್ಟರು. ವಕೀಲರ ವಾಕ್ಯವನ್ನು ಎಲ್ಲರೂ ಮರೆತರು, ನಾನಂತೂ ಮೊದಲು ಮರೆತೆ.

ಮಾರಾಟದ ತೀರ್ಮಾನದ ದಿನ ಸಭೆ ಕಿಕ್ಕಿರಿದಿತ್ತು. ದೊಡ್ಡ ಕಂಪನಿಯಿಂದ ಇಸ್ತ್ರಿ ಮಾಡಿದ ಯುವಕನೊಬ್ಬ ಲ್ಯಾಪ್‌ಟಾಪು ಹಿಡಿದು ಬಂದಿದ್ದ. ಅವನ ಕಂಪನಿಯ ಮೊಬೈಲು ಸಿಗ್ನಲ್ಲು ಆ ಕಟ್ಟಡದೊಳಗೆ ಸಿಗಲಿಲ್ಲ. ಗ್ಲೋರಿಯಾ ಬಹಳ ವಿನಯದಿಂದ ನಮ್ಮ ಇಂಟರ್ನೆಟ್ಟಿನ ಪಾಸ್‌ವರ್ಡು ಹೇಳಿದಳು. ನಾನು ಅಲ್ಲಾಹನನ್ನು ನೆನೆದೆ, ಇದೊಂದು ಗಂಟೆ ಲೈನು ಕೈಕೊಡದಿರಲಿ ಎಂದು. ಕೊಡಲಿಲ್ಲ. ನಮ್ಮ ವೈರಿನ ಮೇಲೆಯೇ ಅವನು ನಮ್ಮ ವೈರು ಎಷ್ಟು ಕೆಟ್ಟದ್ದೆಂದು ಚೆಂದಚೆಂದದ ಚಿತ್ರ ತೋರಿಸಿದ. ತೋರಿಸಿದ್ದರಲ್ಲಿ ಬಹಳಷ್ಟು ನಿಜವೂ ಆಗಿತ್ತು.

ಆಮೇಲೆ ವಾಲ್ಟರ್ ಮೈಕಿಗೆ ಬಂದರು. ಊರಿನಲ್ಲಿ ನಮ್ಮನ್ನು ಅವರಷ್ಟು ಬೈದವರು ಇನ್ನೊಬ್ಬರಿಲ್ಲ. ಅವರು ಯುವಕನ ಕಡೆ ತಿರುಗಿ ಕೇಳಿದರು: "ನಿಮ್ಮೋರು ರಿಪೇರಿ ಮಾಡಿ ಹೋದ ಮೇಲೆ, ಕರೆಯದೇ ಇದ್ರೂ ಮತ್ತೆ ಬರ್ತಾರಾ?"

"ಗ್ರಾಹಕರು ಆ್ಯಪಿನಲ್ಲಿ ಹೊಸ ಕಂಪ್ಲೇಂಟ್ ಟಿಕೆಟ್ ತೆಗೀಬಹುದು ಸರ್."

"ಬರ್ತಾರಾ ಅಂತ ಕೇಳಿದೆ."

"ಅದು... ಪರಿಸ್ಥಿತಿ ನೋಡಿ..."

"ನಮ್ಮೋರು ಸರ್ವಿಸು ಸರಿ ಕೊಡಲ್ಲ. ಮುಂದಿನ ತಿಂಗಳೂ ಬಂದು ಬೈತೀನಿ. ಆದ್ರೆ ಬೈಯೋಕೆ ನಮ್ಮೋರು ಇಲ್ಲೇ ಕೂತಿರ್ತಾರೆ. ನಿಮ್ಮನ್ನ ಬೈಯೋಕೆ ಎಲ್ಲಿಗೆ ಬರ್ಲಿ?" ಹಳದಿ ದೀಪ ಬರಲು ಇನ್ನೂ ಬಹಳ ಹೊತ್ತಿತ್ತು. "ನನಗೆ ಸಿಟ್ಟಿಲ್ಲ. ನಾನು ಯಜಮಾನ. ಯಜಮಾನನಾಗೇ ಇರ್ತೀನಿ" ಎಂದು ಮೆತ್ತೆಯ ಮೇಲೆ ಹೋಗಿ ಕೂತರು.

ಕೈಗಳು ಎದ್ದವು. ಕೂದಲೆಳೆಯಲ್ಲಿ ಉಳಿದೆವು. ಗ್ಲೋರಿಯಾ ಪ್ರತಿ ತಿಂಗಳೂ ವೈಟ್ ಬೋರ್ಡಿನ ಜೊತೆ ಸಭೆಯ ಮುಂದೆ ನಿಲ್ಲಬೇಕೆಂಬ ಷರತ್ತು ಬಿತ್ತು. ನಾನು ಎಲ್ಲರೆದುರು ಅತ್ತೆ, ನಾಚಿಕೆ ಪಡಲಿಲ್ಲ. ಬೈಯುವವರು ನಮ್ಮನ್ನು ಬಿಟ್ಟುಕೊಡುವುದಿಲ್ಲ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ: ಬೈಯಲು ಬಂದವರನ್ನು ಕೂರಿಸಿ ಮಾತಾಡಿಸಿ. ಬೈಯುವುದನ್ನು ನಿಲ್ಲಿಸಿದವರು ಆಗಲೇ ಬೇರೆ ಕಂಪನಿಗೆ ಹೋಗಿರುತ್ತಾರೆ.

ನನ್ನ ಕೊನೆಯ ದಿನದ ಕೊನೆಯ ಮನೆ ವಾಲ್ಟರ್ ಅವರದು. ಗ್ಲೋರಿಯಾ ಬೇಕೆಂದೇ ಹಾಗೆ ಹಾಕಿದ್ದಳೆಂದು ನನ್ನ ಗುಮಾನಿ. ಟೀವಿಯ ಹಿಂದೆ ಒಂದು ಸಡಿಲ ತಿರುಪು, ಬಿಗಿ ಮಾಡಿದೆ, ಆಯಿತು. ಹೊರಡಬೇಕು. ಏನು ಹೇಳಿ ಹೊರಡುವುದು? ರಿಟೈರ್ ಆದವನು ಇನ್ನು ಬರುವವನಲ್ಲ. ಬರುತ್ತೇನೆ ಅಂದರೆ ಈ ಮನುಷ್ಯ ಕಾಫಿ ಮಾಡಿಟ್ಟುಕೊಂಡು ಮತ್ತೆ ಬಾಗಿಲಲ್ಲಿ ಕೂರುತ್ತಾರೆ. ಅಷ್ಟು ಕಾದವರಿಗೆ ಒಂದು ಸಲವಾದರೂ ಅವರ ಭಾಷೆಯಲ್ಲೇ ನಿಜ ಹೇಳಿಬಿಡೋಣ ಅನ್ನಿಸಿತು. ಅಮ್ಮ ಮೇಲಿಂದ ಕ್ಷಮಿಸಲಿ ಎಂದುಕೊಂಡು ಹೇಳಿದೆ: "ಸರ್, ನಾನು ಹೊರಡ್ತಿದ್ದೀನಿ. ಇನ್ನು ಬರಲ್ಲ."

ಅವರು ಕೈ ಕುಲುಕಿ, "ಸರಿ. ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್" ಎಂದರು. ನನ್ನ ಕಣ್ಣು ಮಂಜಾಗಿ, ಬ್ಯಾಗು ಎತ್ತಿಕೊಂಡು, ಮೆಟ್ಟಿಲು ಇಳಿದು, ವ್ಯಾನು ಹತ್ತಿ ಹೊರಟೇಬಿಟ್ಟೆ. ಬಾಗಿಲಿಗೆ ಪಿಸುಗುಟ್ಟಲೂ ಇಲ್ಲ.

ಬೀದಿಯ ತುದಿಯ ಸಿಗ್ನಲ್ಲಿನಲ್ಲಿ ಬ್ರೇಕು ಒತ್ತಿದಾಗ ಅಂಗಾಲಿಗೆ ಪೆಡಲು ತಣ್ಣಗೆ ತಾಕಿತು. ಕೆಳಗೆ ನೋಡಿದೆ. ಸಾಕ್ಸು.

ವಾಪಸ್ಸು ತಿರುಗಿಸಿದೆ. ವಾಲ್ಟರ್ ಬಾಗಿಲ ಮೆಟ್ಟಿಲ ಮೇಲೆ ತಮ್ಮ ಮೆತ್ತೆ ಹಾಕಿಕೊಂಡು ಕೂತಿದ್ದರು. ಒಂದು ಪಕ್ಕದಲ್ಲಿ ನನ್ನ ಶೂ, ಇನ್ನೊಂದು ಪಕ್ಕದಲ್ಲಿ ಹೊಗೆಯಾಡುವ ಎರಡು ಕಪ್ ಕಾಫಿ. ನಾನು ಸಾಕ್ಸಿನಲ್ಲೇ ಗೇಟು ದಾಟಿ ಬರುವುದನ್ನು ಗಂಭೀರವಾಗಿ ನೋಡಿದರು.

"ಬರಲ್ಲ ಅಂದಿದ್ರಿ" ಎಂದರು. "ಇದನ್ನೂ ಮೀಟಿಂಗಲ್ಲಿ ಹೇಳ್ತೀನಿ."

"ಹೇಳಿ ಸರ್" ಎಂದೆ. ಶೂ ಹಾಕಿಕೊಳ್ಳದೆ ಅವರ ಪಕ್ಕದಲ್ಲೇ ಕೂತು ಕಾಫಿ ತೆಗೆದುಕೊಂಡೆ.